ಹುಟ್ಟುವ ಮೊದಲೇ ಹೊರಟ ಎರಡು ಹನಿ

ನಾನು ಅಂಗನವಾಡಿ ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕದ ನಡುವಿನಲ್ಲಿ. ತವರು ಗೋಣಿಬೀಡು. ಮದುವೆಯಾಗಿ ಬಂದದ್ದು ಕಳಸದಿಂದ ಹೊರನಾಡಿಗೆ ಹೋಗುವ ರಸ್ತೆ ಬಿಟ್ಟು ಒಳಗೆ, ಬಸ್ಸು ಬಾರದ ಒಂದು ಊರಿಗೆ. ಗಂಡನ ಮನೆಯಲ್ಲಿ ಸ್ವಲ್ಪ ಕಾಫಿ, ಸ್ವಲ್ಪ ಮೆಣಸು ಇತ್ತು. ಆ ಊರಿನ ಹೆಂಗಸರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು ನಾನೊಬ್ಬಳೇ ಆಗಿದ್ದರಿಂದ ಕೆಲಸವೇ ನನ್ನನ್ನು ಹುಡುಕಿಕೊಂಡು ಬಂತು ಎನ್ನಬೇಕು. ಅತ್ತೆಗೆ ಇಷ್ಟವಿರಲಿಲ್ಲ.

"ಊರ ಮಕ್ಕಳ ಮೂಗು ಒರೆಸಕ್ಕೆ ಹೋಗ್ತೀಯಾ? ನಮ್ಮನೆ ಮಕ್ಕಳ ಮೂಗು ಯಾರು ಒರೆಸದು?" ಎಂದು ಕೇಳಿದರು.

ಮಾವ ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದವರು ತಲೆ ಎತ್ತದೆ, "ಇವ್ರನ್ನೂ ಅಲ್ಲಿಗೇ ಕರ್ಕೊಂಡು ಹೋಗ್ಲಿ. ಎಲ್ಲರ ಮೂಗೂ ಒಟ್ಟಿಗೆ ಒರೆಸ್ಲಿ," ಎಂದರು. ಹಾಗೇ ಆಯಿತು.

ಅಂಗನವಾಡಿ ನಡೆಯುತ್ತಿದ್ದದ್ದು ಪಕ್ಕದ ಎಸ್ಟೇಟಿನವರು ಬಿಟ್ಟುಕೊಟ್ಟ ಹಳೆಯ ಗೋದಾಮಿನಲ್ಲಿ. ಎಷ್ಟು ಗುಡಿಸಿದರೂ ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ವಾಸನೆ ಹೋಗುತ್ತಿರಲಿಲ್ಲ. ಎಸ್ಟೇಟಿನ ಕೂಲಿಯವರ ಸಾಲುಮನೆಗಳ, ಅಂದರೆ ಲೈನಿನ ಮಕ್ಕಳು, ನಮ್ಮಂಥ ಸಣ್ಣ ಹಿಡುವಳಿದಾರರ ಮಕ್ಕಳು ಒಂದೇ ಚಾಪೆಯ ಮೇಲೆ ಕೂರುತ್ತಿದ್ದರು. ಹಾಡು, ಕಥೆ, ಮಧ್ಯಾಹ್ನದ ಊಟ, ತಿಂಗಳಿಗೊಮ್ಮೆ ತೂಕ. ಬಸುರಿಯರು, ಬಾಣಂತಿಯರು ಬಂದು ತಮ್ಮ ಪಾಲಿನ ಆಹಾರದ ಪುಡಿ ತೆಗೆದುಕೊಂಡು ಹೋಗುತ್ತಿದ್ದರು. ಮಳೆಗಾಲದಲ್ಲಿ ದಾರಿ ಕುಸಿದರೆ ಮೂಡಿಗೆರೆಯಿಂದ ಬರಬೇಕಾದ ಸಾಮಾನು ವಾರಗಟ್ಟಲೆ ಬರುತ್ತಿರಲಿಲ್ಲ. ಆಗ ನಮ್ಮ ಮನೆಯ ಅಕ್ಕಿ, ಇನ್ನೊಬ್ಬರ ಮನೆಯ ತೆಂಗಿನಕಾಯಿ ಸೇರಿಸಿ ಗಂಜಿ ಕಾಯಿಸುತ್ತಿದ್ದೆವು. ಸರ್ಕಾರ ಎಂದರೆ ಆಗ ನನ್ನ ಮನಸ್ಸಿನಲ್ಲಿ ಇದ್ದದ್ದು ಇಷ್ಟೇ: ಅದು ಚಿಕ್ಕಮಗಳೂರಿನಲ್ಲೋ ಅದರಾಚೆಯೋ ಎಲ್ಲೋ ಇರುತ್ತದೆ, ನೆನಪಾದಾಗ ಏನಾದರೂ ಕಳಿಸುತ್ತದೆ, ಉಳಿದಂತೆ ಮರೆತಿರುತ್ತದೆ.

ನಮ್ಮ ಭಾಗಕ್ಕೆ ಆರೋಗ್ಯ ಇಲಾಖೆಯ ನರ್ಸ್ ಒಬ್ಬರಿದ್ದರು. ಎಲ್ಲರೂ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ವಿಜಾಪುರದ ಕಡೆಯವರು. ಬಯಲಿನಲ್ಲಿ ಹುಟ್ಟಿ ಬೆಳೆದವರು. ಮೊದಲ ಸಲ ನಮ್ಮ ಗೋದಾಮಿಗೆ ಬಂದ ದಿನ ಬಾಗಿಲಲ್ಲಿ ನಿಂತು ಮೇಲೆ ನೋಡಿ, "ಅಯ್ಯ ಟೀಚರ್, ನಿಮ್ಮೂರಾಗ ಆಕಾಶನ ಕಾಣಂಗಿಲ್ಲಲ್ರೀ!" ಎಂದಿದ್ದರು. ಇಳಿಜಾರು ಕಂಡರೆ ಅವರಿಗೆ ಭಯ. ನನ್ನ ಸೆರಗು ಹಿಡಿದುಕೊಂಡು ಇಳಿಯುತ್ತಿದ್ದರು. ಆದರೆ ಕೆಲಸದಲ್ಲಿ ಬಹಳ ಗಟ್ಟಿ. ಸೂಜಿ ಚುಚ್ಚಿಸಿಕೊಂಡ ಮಗು ಅಳುವ ಮೊದಲೇ ಅದರ ಕೈಗೆ ಏನೋ ಒಂದು ಕೊಟ್ಟು ಮರೆಸುತ್ತಿದ್ದರು.

ಪೋಲಿಯೋ ಭಾನುವಾರಗಳು ಶುರುವಾಗಿ ಕೆಲವು ವರ್ಷ ಆಗಿತ್ತು. ಐದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಒಂದೇ ದಿನ ಎರಡು ಹನಿ. ಬಾರದೆ ಉಳಿದವರ ಮನೆಗೆ ಮಾರನೆಯ ದಿನದಿಂದ ನಾವೇ ಹೋಗಬೇಕು. ನಾನು ಹೇಳಹೊರಟಿರುವುದು ಅಂಥ ಒಂದು ಜನವರಿಯ ಮಾತು. ಭಾನುವಾರ ನಮ್ಮ ಗೋದಾಮಿನ ಮುಂದೆ ಜಾತ್ರೆಯ ಹಾಗೆ ಜನ. ಲೈನಿನ ಹೆಂಗಸರು ಮಕ್ಕಳಿಗೆ ಎಣ್ಣೆ ಹಚ್ಚಿ ತಲೆ ಬಾಚಿ, ಇದ್ದುದರಲ್ಲಿ ಒಳ್ಳೆಯ ಅಂಗಿ ಹಾಕಿ ಕರೆತಂದಿದ್ದರು. ಸಂಜೆಯಾಗುವಾಗ ನನಗೆ ಗೊತ್ತಿದ್ದ ಎಲ್ಲ ಮಕ್ಕಳೂ ಬಂದು ಹೋಗಿದ್ದವು, ಒಂದು ಮನೆಯವು ಬಿಟ್ಟು.

ಆ ಮನೆ ಇದ್ದದ್ದು ಎಸ್ಟೇಟು ದಾಟಿ, ಏಲಕ್ಕಿ ಮಲೆ ದಾಟಿ, ಗುಡ್ಡದ ನೆತ್ತಿಯ ಹತ್ತಿರ. ಮನೆಯ ಗಂಡಸು ಎಸ್ಟೇಟಿನಲ್ಲಿ ಮರಗಸಿ ಮಾಡುವವನು, ಅಂದರೆ ಕಾಫಿಗೆ ಬಿಸಿಲು ಬೀಳಲೆಂದು ನೆರಳಿನ ಮರ ಹತ್ತಿ ಕೊಂಬೆ ಕಡಿಯುವವನು. ಅವನ ತಾಯಿ, ಹೆಂಡತಿ, ನಾಲ್ಕು ವರ್ಷದ ಹುಡುಗಿ, ಈಚೆಗಷ್ಟೇ ನಡೆಯಲು ಕಲಿತ ಗಂಡು ಮಗು. ಹೆಂಡತಿ ಮತ್ತೆ ಬಸುರಿ. ಆಹಾರದ ಪುಡಿಗೆಂದು ತಿಂಗಳುಗಟ್ಟಲೆ ತಪ್ಪದೆ ಇಳಿದು ಬರುತ್ತಿದ್ದವಳು, ಹತ್ತುವಾಗ ಉಸಿರು ಸಿಗುವುದಿಲ್ಲವೆಂದು ಕೊನೆಗೆ ಬಿಟ್ಟಿದ್ದಳು. ದಿನ ತುಂಬಲು ಇನ್ನೂ ಸಮಯವಿದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಸೋಮವಾರ ಬೆಳಗ್ಗೆ ಸಿಸ್ಟರ್ ಕಳಸದ ಆಸ್ಪತ್ರೆಯಿಂದ ಹೊಸ ಐಸ್ ತುಂಬಿಸಿಕೊಂಡು ಜೀಪಿನಲ್ಲಿ ಬಂದರು. ನೀಲಿ ಬಣ್ಣದ ಡಬ್ಬಿ, ಹೆಗಲಿಗೆ ಹಾಕಿಕೊಳ್ಳಲು ಪಟ್ಟಿ. ಅದರ ಒಳಗೆ ಐಸಿನ ನಡುವೆ ಕಿರುಬೆರಳಷ್ಟು ಉದ್ದದ ಸೀಸೆಗಳು. ಎಸ್ಟೇಟಿನಲ್ಲಿ ಕೊಯ್ಲು ನಡೆಯುತ್ತಿತ್ತು. ಕೆಲಸ ನೋಡಿಕೊಳ್ಳುವ ಮೇಸ್ತ್ರಿ ನಮ್ಮನ್ನು ಕಂಡು ದಾರಿಗೆ ಬಂದರು.

"ಮೇಲಿನ ಮನೆಗಾ? ಎರಡು ಮಕ್ಕಳಿಗೋಸ್ಕರ ಅಷ್ಟು ದೂರನಾ? ಮುಂದಿನ ಸಲ ಅವ್ರೇ ಬರ್ತಾರೆ ಬಿಡಿ ಸಿಸ್ಟರೇ."

"ರೋಗ ಮುಂದಿನ ಸಲದ ತನಕ ಕಾಯ್ತದೇನ್ರೀ ಮೇಸ್ತ್ರಿ?" ಎಂದರು ಸಿಸ್ಟರ್. ಮೇಸ್ತ್ರಿ ನಕ್ಕು, ದಾರಿಗೆ ಅಡ್ಡ ಬಿದ್ದಿದ್ದ ಕೊಂಬೆ ಎಳೆದು ಬಿಸಾಡಿದರು.

ಹತ್ತಿದೆವು. ಡಬ್ಬಿಯನ್ನು ಸ್ವಲ್ಪ ದೂರ ನಾನು ಹೊತ್ತರೆ ಸ್ವಲ್ಪ ದೂರ ಅವರು. ಕಾಫಿ ಮುಗಿದ ಮೇಲೆ ದಾರಿ ಎನ್ನುವುದು ಇರಲಿಲ್ಲ. ನೀರು ಹರಿದು ಕೊರೆದ ಓಣಿಯಲ್ಲಿ ಬೇರು ಹಿಡಿದು ಏರಬೇಕು. ಸಿಸ್ಟರ್ ಅಲ್ಲಲ್ಲಿ ನಿಂತು, "ಇನ್ನ ಎಷ್ಟ್ ಏರಬೇಕ್ರೀ ಟೀಚರ್?" ಎನ್ನುತ್ತಿದ್ದರು. "ಇಲ್ಲೇ, ಬಂತು," ಎಂದು ನಾನು ಸುಳ್ಳು ಹೇಳುತ್ತಿದ್ದೆ. ಒಂದು ಕಡೆ ಮರಗಳು ಬಿಟ್ಟುಕೊಟ್ಟಲ್ಲಿ ಕೆಳಗೆ ಭದ್ರೆಯ ಕಣಿವೆ ಕಂಡಿತು. ಮಂಜು ಇನ್ನೂ ಎದ್ದಿರಲಿಲ್ಲ. ಸಿಸ್ಟರ್ ನಿಂತು ನೋಡಿದರು. ಆಮೇಲೆ, "ಇಂಥಾದ್ರಾಗ ಒಂದ್ ಮನೀ ಐತಿ ಅಂತ ಸರ್ಕಾರಕ್ಕ ಹ್ಯಾಂಗ ಗೊತ್ತಾತು?" ಎಂದರು. ಮನೆಮನೆಯ ಲೆಕ್ಕ ನಾನೇ ಅಲ್ಲವೇ ಬರೆದು ಕೊಟ್ಟದ್ದು ಎಂದು ನಗು ಬಂತು.

ಮನೆ ಕಂಡಾಗ ಏನೋ ಸರಿಯಿಲ್ಲ ಅನಿಸಿತು. ನಮ್ಮನ್ನು ನೋಡಿದರೆ ಓಡಿ ಬರುವ ಹುಡುಗಿ ತಮ್ಮನನ್ನು ಮಡಿಲಲ್ಲಿ ಹಿಡಿದುಕೊಂಡು ಅಂಗಳದ ತುದಿಯಲ್ಲಿ ಸುಮ್ಮನೆ ಕೂತಿದ್ದಳು. ಒಳಗಿನಿಂದ ಅಜ್ಜಿ ಹೊರಗೆ ಬಂದವರು ನಮ್ಮನ್ನು ಕಂಡು ಬಾಗಿಲ ಕಂಬ ಹಿಡಿದುಕೊಂಡರು.

"ಯಾರು ಹೇಳಿದ್ರು ನಿಮ್ಗೆ?"

"ಯಾರು ಹೇಳಬೇಕು ಅಜ್ಜಿ? ಪೋಲಿಯೋ ಹಾಕಕ್ಕೆ ಬಂದ್ವಿ," ಎಂದೆ.

"ಅಯ್ಯೋ ದೇವರೇ," ಎಂದರು ಅಜ್ಜಿ. "ಸೊಸೆಗೆ ಬೆಳಗ್ಗಿಂದ ನೋವು. ಮಗ ಜೀಪು ತರಕ್ಕೆ ಆ ಕಡೆ ದಾರೀಲಿ ಕಳಸಕ್ಕೆ ಓಡಿದ್ದಾನೆ. ನಂಗೆ ಕೈಕಾಲು ಆಡ್ತಿಲ್ಲ ಮಾರಾಯ್ತಿ."

ಸಿಸ್ಟರ್ ಡಬ್ಬಿಯನ್ನು ಮೊದಲು ನೆರಳಿನಲ್ಲಿಟ್ಟರು. ಅಂಥ ಹೊತ್ತಿನಲ್ಲೂ ಅದನ್ನು ಬಿಸಿಲಿನಲ್ಲಿ ಇಡಲಿಲ್ಲ. ಆಮೇಲೆ ಒಳಗೆ ಹೋದರು. ಮರುಕ್ಷಣವೇ ಹೊರಗೆ ಬಂದು ನನಗೆ, "ಜೀಪ್ ಬರೂ ತನಕ ಕೂಸು ಕಾಯಂಗಿಲ್ರೀ. ಇಲ್ಲೇ ಆಗ್ತೈತಿ. ನೀವು ಬರ್ರಿ," ಎಂದರು.

ಅವರ ಚೀಲದಲ್ಲಿ ಸರ್ಕಾರ ಕೊಟ್ಟ ಹೆರಿಗೆ ಪೊಟ್ಟಣ ಯಾವಾಗಲೂ ಇರುತ್ತಿತ್ತು. ಒಂದು ತುಂಡು ಸೋಪು, ಹೊಸ ಬ್ಲೇಡು, ಹೊಕ್ಕುಳ ಬಳ್ಳಿ ಕಟ್ಟಲು ದಾರ, ಹಾಸಲು ಪ್ಲಾಸ್ಟಿಕ್ ಹಾಳೆ. ನೋಡಿದರೆ ಯಾರೂ ದೊಡ್ಡದು ಎನ್ನುವ ಸಾಮಾನಲ್ಲ. ಅಜ್ಜಿ ಒಲೆಗೆ ನೀರಿಟ್ಟರು. ಸಿಸ್ಟರ್ ಮೊಣಕೈ ತನಕ ಸೋಪು ಹಚ್ಚಿ ತೊಳೆದು, ನನ್ನಿಂದಲೂ ತೊಳೆಸಿದರು. ನನ್ನ ಕೆಲಸ ಬಸುರಿಯ ಹಿಂದೆ ಗೋಡೆಗೆ ಒರಗಿ ಕೂತು ಅವಳನ್ನು ಹಿಡಿದುಕೊಳ್ಳುವುದು. ಅವಳ ತಲೆ ನನ್ನ ಎದೆಯ ಮೇಲಿತ್ತು. ನೋವು ಬಂದಾಗಲೆಲ್ಲ ನನ್ನ ಕೈ ಮುರಿಯುವ ಹಾಗೆ ಹಿಡಿಯುತ್ತಿದ್ದಳು; ನೋವು ಬಿಟ್ಟಾಗ, "ತಪ್ಪು ತಿಳ್ಕೋಬೇಡಿ ಟೀಚರೇ," ಎನ್ನುತ್ತಿದ್ದಳು.

ನಾನೂ ಇಬ್ಬರನ್ನು ಹೆತ್ತವಳು, ಕಳಸದ ಆಸ್ಪತ್ರೆಯಲ್ಲಿ. ಆದರೆ ಹೆರುವವಳಿಗೆ ಹೆರಿಗೆ ಕಾಣುವುದಿಲ್ಲ. ನನಗೆ ನೆನಪಿದ್ದದ್ದು ನೋವು, ಮೇಲಿನ ತಾರಸಿಯ ಒಂದು ಬಿರುಕು, ಯಾರದೋ ಗದರಿಕೆ. ಒಂದು ಜೀವ ಹೇಗೆ ಬರುತ್ತದೆ ಎಂದು ನಾನು ಕಣ್ಣಾರೆ ನೋಡಿದ್ದು ಆ ದಿನ, ಆ ಮಣ್ಣಿನ ಗೋಡೆಯ ಕೋಣೆಯಲ್ಲಿ, ಹೆಂಚಿನ ನಡುವೆ ಇದ್ದ ಒಂದೇ ಗಾಜಿನಿಂದ ಬೀಳುತ್ತಿದ್ದ ಬೆಳಕಿನಲ್ಲಿ.

"ಈಗ ಜೋರ್ ಹಾಕವ್ವಾ. ಹಾಂ, ಬಂತು, ಬಂತು ನನ್ನವ್ವಾ," ಎನ್ನುತ್ತಿದ್ದರು ಸಿಸ್ಟರ್. ಇಳಿಜಾರಿಗೆ ಹೆದರುವ ಸಿಸ್ಟರ್ ಎಲ್ಲಿ ಹೋದರೋ. ಅವರ ದನಿ ನೆಲಕ್ಕೆ ಊರಿದ ಹಾಗಿತ್ತು. ಮೊದಲು ಒದ್ದೆಯಾದ ಕಪ್ಪು ಕೂದಲು ಕಂಡಿತು. ಆಮೇಲೆ ಮುಖ, ಅದು ತಾನಾಗಿ ಪಕ್ಕಕ್ಕೆ ತಿರುಗಿತು. ಯಾರು ಹೇಳಿಕೊಟ್ಟರು ಅದಕ್ಕೆ ತಿರುಗಲು? ನಂತರ ಹೆಗಲು, ನಂತರ ಒಮ್ಮೆಲೇ ಎಲ್ಲವೂ ಸಿಸ್ಟರ್ ಕೈಯಲ್ಲಿ.

ಅಳಲಿಲ್ಲ. ಸಿಸ್ಟರ್ ಬಾಯಿ ಮೂಗು ಒರೆಸಿ, ಬಟ್ಟೆಯಿಂದ ಬೆನ್ನು ತಿಕ್ಕಿದರು. ಅಜ್ಜಿ ಒಲೆಯ ಬಳಿ ನಿಂತಲ್ಲೇ ನಿಂತಿದ್ದರು. ನನ್ನ ಎದೆಗೆ ಒರಗಿದ್ದವಳು ಉಸಿರು ಹಿಡಿದದ್ದು ನನಗೆ ತಿಳಿಯುತ್ತಿತ್ತು. ಸಿಸ್ಟರ್ ಮತ್ತೆ ತಿಕ್ಕಿದರು, ಅಂಗಾಲಿಗೆ ಬೆರಳಿನಿಂದ ತಟ್ಟಿದರು. ಆಗ ಅತ್ತಿತು. ಆ ಮನೆಯೊಳಗೆ ಒಬ್ಬರು ಹೆಚ್ಚಾದರು. ಬಾಗಿಲಿನಿಂದ ಯಾರೂ ಬಂದಿರಲಿಲ್ಲ, ಆದರೂ ಹೆಚ್ಚಾಗಿದ್ದರು. ಈ ಮಾತು ನಗು ತರಿಸಬಹುದು. ಆದರೆ ಆ ಹೊತ್ತಿನಲ್ಲಿ ನನಗೆ ಹೊಳೆದದ್ದು ಅದೇ.

"ಹೆಣ್ಣು ಕೂಸು," ಎಂದರು ಸಿಸ್ಟರ್. ಕೈ ಒದ್ದೆಯಾಗಿದ್ದರಿಂದ ಕಣ್ಣನ್ನು ತೋಳಿಗೆ ಒರೆಸಿಕೊಂಡರು.

ಬಳ್ಳಿ ಕಟ್ಟಿ ಕತ್ತರಿಸಿ, ಮಾಸು ಎನ್ನುವ ಕಸ ಬಿದ್ದು, ಎಲ್ಲ ಸರಿಯಾಯಿತು ಎಂದು ಖಚಿತವಾಗುವ ತನಕ ಸಿಸ್ಟರ್ ಅಲ್ಲಿಂದ ಏಳಲಿಲ್ಲ. ಅಜ್ಜಿಯ ಹಳೆಯ ಹತ್ತಿ ಸೀರೆಯಲ್ಲಿ ಮಗುವನ್ನು ಸುತ್ತಿ ತಾಯಿಯ ಎದೆಗೆ ಹಾಕಿದರು. ಅದು ಹುಡುಕಿ ಹುಡುಕಿ ಬಾಯಿ ಇಟ್ಟಿತು. ಇನ್ನು ಮುಗಿಯಿತು ಎಂದುಕೊಂಡೆ. ಕೈ ತೊಳೆದು ಅಂಗಳಕ್ಕೆ ಬಂದ ಸಿಸ್ಟರ್ ನೀಲಿ ಡಬ್ಬಿ ನೋಡಿ, "ಅಯ್ಯ! ಬಂದ ಕೆಲಸನ ಮರತ್ವಲ್ರೀ!" ಎಂದರು.

ಹುಡುಗಿ, ಅವಳ ತಮ್ಮ ಇಬ್ಬರಿಗೂ ಹನಿ ಹಾಕಿದ್ದಾಯಿತು. ಹುಡುಗಿ ಡಬ್ಬಿಯೊಳಗೆ ಕೈಯಿಟ್ಟು ಐಸು ಮುಟ್ಟಿ, ಕೈ ಎಳೆದುಕೊಂಡು, ಮತ್ತೆ ಮುಟ್ಟಿದಳು. ಸಿಸ್ಟರ್ ಡಬ್ಬಿ ಮುಚ್ಚಲಿಲ್ಲ. ಒಳಗೆ ನೋಡಿದರು.

"ಅದಕ್ಕೂನಾ?" ಎಂದು ಕೇಳಿದೆ.

"ಐದ್ ವರ್ಷದ ಒಳಗ ಅಂದ್ರ ಅದೂ ಒಳಗ ಬಂತಿಲ್ಲೋ? ಇವತ್ತ ಹುಟ್ಟಿದ್ದಕ್ಕೂ ಹಾಕಬೇಕ್ರೀ."

ಅಜ್ಜಿ ಒಪ್ಪಲಿಲ್ಲ. "ಸರಿಯಾಗಿ ಹಾಲೇ ಕುಡ್ದಿಲ್ಲ, ಅದಕ್ಕೆ ಔಷಧಿ ಎಂತದು?"

ಮಲಗಿದ್ದವಳೇ ಉತ್ತರ ಕೊಟ್ಟಳು. "ಹಾಕ್ಲಿ ಅತ್ತೆ. ಅಲ್ಲಿಂದ ಹೊತ್ಕೊಂಡು ಬಂದಿದ್ದಾರೆ."

ಸಿಸ್ಟರ್ ಸೀಸೆಯನ್ನು ಬೆಳಕಿಗೆ ಹಿಡಿದು, ಔಷಧಿ ಕೆಟ್ಟಿಲ್ಲವೆಂದು ತೋರಿಸುವ ಗುರುತು ನೋಡಿಕೊಂಡರು. ಮಗುವಿನ ಕೆನ್ನೆಯನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ಒತ್ತಿದಾಗ ಬಾಯಿ ಹೂವಿನ ತೊಟ್ಟಿನಷ್ಟು ತೆರೆಯಿತು. ಒಂದು ಹನಿ. ಮಗು ಮುಖ ಕಿವುಚಿತು. ಇನ್ನೊಂದು ಹನಿ. ನುಂಗಿತು. ಹನಿ ಹಾಕಿದ ಮಕ್ಕಳ ಎಡಗೈ ಕಿರುಬೆರಳಿನ ಉಗುರಿಗೆ ಶಾಯಿಯ ಗುರುತು ಹಾಕಬೇಕು. ಆ ಉಗುರು ಇದೆಯೋ ಇಲ್ಲವೋ ಎನ್ನುವಷ್ಟು ಚಿಕ್ಕದು. ಸಿಸ್ಟರ್ ಪೆನ್ನಿನ ತುದಿಯನ್ನು ತಾಗಿಯೂ ತಾಗದ ಹಾಗೆ ಮುಟ್ಟಿಸಿದರು. 

ಮಗುವಿನ ತಂದೆ ಬಂದದ್ದು ಮಧ್ಯಾಹ್ನದ ಮೇಲೆ. ಜೀಪನ್ನು ಎಸ್ಟೇಟಿನಲ್ಲೇ ಬಿಟ್ಟು, ಜೊತೆಗೆ ಗಂಡಸರನ್ನು ಕರೆದುಕೊಂಡು, ಹೆಂಡತಿಯನ್ನು ಕೂರಿಸಿ ಹೊತ್ತೊಯ್ಯಲು ಒಂದು ಕುರ್ಚಿ, ಬಿದಿರಿನ ಗಳು, ಹಗ್ಗ ತಂದಿದ್ದ. ಅಂಗಳದ ಕೆಳಗೆ ಬರುವಾಗ ಮಗು ಅತ್ತದ್ದು ಕೇಳಿ ಅಲ್ಲೇ ನಿಂತುಬಿಟ್ಟ. ಗಳು ಹೆಗಲ ಮೇಲೆಯೇ ಇತ್ತು. ಬಾಗಿಲಲ್ಲಿ ಸಿಸ್ಟರನ್ನು ಕಂಡು ಕೇಳಿದ:

"ನೀವು... ನೀವು ಹೆಂಗೆ ಬಂದ್ರಿ?"

"ನಡಕೋತ ಬಂದ್ವಿ," ಎಂದರು ಸಿಸ್ಟರ್. ಜೊತೆಗೆ ಬಂದವರೆಲ್ಲ ನಕ್ಕರು. ಅವನು ಮಾತ್ರ ನಗಲಿಲ್ಲ. ಮೆಟ್ಟಿಲ ಮೇಲೆ ಕೂತು, ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

ಹೆತ್ತವಳನ್ನು ಆ ಇಳಿಜಾರಿನಲ್ಲಿ ಕುಲುಕಿಸಿಕೊಂಡು ಹೋಗುವ ಅಗತ್ಯ ಕಾಣುವುದಿಲ್ಲ ಎಂದು ಸಿಸ್ಟರ್ ಬಹಳ ಹೊತ್ತು ಕಾದು ನೋಡಿದ ಮೇಲೆ ಹೇಳಿದರು. ಮತ್ತೆ ಬಂದು ನೋಡುತ್ತೇನೆಂದರು, ಹಾಗೆಯೇ ಬಂದರು ಕೂಡ. ಅಜ್ಜಿ ಬೆಲ್ಲದ ಕಾಫಿ ಕೊಟ್ಟರು, ಹಾಲಿಲ್ಲದ್ದು. ಅಷ್ಟು ರುಚಿಯ ಕಾಫಿಯನ್ನು, ಕಾಫಿಯ ನಡುವೆಯೇ ಹುಟ್ಟಿ ಬೆಳೆದ ನಾನು ಅದಕ್ಕೆ ಮುಂಚೆ ಕುಡಿದಿರಲಿಲ್ಲ.

ಇಳಿಯುವಾಗ ಸಿಸ್ಟರ್ ನನ್ನ ಸೆರಗು ಹಿಡಿದಿದ್ದರು.  ಕಾಫಿ ಗಿಡಗಳು ಶುರುವಾದ ಮೇಲೆ ಹೇಳಿದರು: "ನಮ್ಮವ್ವ ನನ್ನ ಜ್ವಾಳದ ಹೊಲದಾಗ ಹಡದಾಳ್ರೀ ಟೀಚರ್. ಕಳೆ ತಗೀಲಿಕ್ಕೆ ಹೋಗಿದ್ಲಂತ. ಹಂತೇಲಿ ಯಾರೂ ಇರಲಿಲ್ಲಂತ. ತಾನ ಕುಡಗೋಲಿಲೆ ಕತ್ತರಿಸಿಕೊಂಡು, ನನ್ನ ಬುಟ್ಟ್ಯಾಗ ಹಾಕ್ಕೊಂಡು ಮನಿಗೆ ಬಂದ್ಲಂತ." ಆಮೇಲೆ, "ಇವತ್ತ ಈಕೀ ಹತ್ರ ನಾವಿದ್ವಿ," ಎಂದರು.  ಅವರ ಕೈಯನ್ನು ಸೆರಗಿನಿಂದ ಬಿಡಿಸಿ ನನ್ನ ಕೈಯಲ್ಲಿ ಹಿಡಿದುಕೊಂಡೆ.

ಆ ಎರಡು ಹನಿ ನನ್ನನ್ನು ಬಹಳ ಕಾಲ ಬಿಡಲಿಲ್ಲ. ಮುಂದೊಮ್ಮೆ ಚಿಕ್ಕಮಗಳೂರಿನಲ್ಲಿ ತರಬೇತಿಗೆ ಹೋದಾಗ ಲಸಿಕೆ ಇಡುವ ಕೋಣೆಯನ್ನು ತೋರಿಸಿದರು. ಆಳೆತ್ತರದ ತಣ್ಣನೆಯ ಪೆಟ್ಟಿಗೆಗಳು. ಕರೆಂಟು ಹೋದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಅಲ್ಲಿದ್ದ ನೌಕರ, "ಹೋಗಕ್ಕೆ ಬಿಡಲ್ಲ ಮೇಡಂ," ಎಂದು ಜನರೇಟರ್ ತೋರಿಸಿದ. ಲಸಿಕೆ ಇಲ್ಲಿಗೆ ಬರುವುದು ಬೆಂಗಳೂರಿನಿಂದ, ಅಲ್ಲಿಗೆ ಇನ್ನೆಲ್ಲಿಂದಲೋ. ಪ್ರತಿ ಜಾಗದಲ್ಲೂ ಯಾರೋ ಒಬ್ಬರು ಬಾಗಿಲು ತೆಗೆದು ಬೇಗ ಮುಚ್ಚಿದ್ದಾರೆ, ಬಿಸಿಲು ತಾಗದ ಹಾಗೆ ನೋಡಿಕೊಂಡಿದ್ದಾರೆ. ಅವರಲ್ಲಿ ಯಾರಿಗೂ ನಮ್ಮ ಗುಡ್ಡದ ನೆತ್ತಿಯ ಮನೆ ಗೊತ್ತಿಲ್ಲ. ಮಗುವಂತೂ ಆಗ ಇನ್ನೂ ಹೊಟ್ಟೆಯಲ್ಲಿತ್ತು. ಅದು ಹುಟ್ಟುವ ಮೊದಲೇ ಅದಕ್ಕೆಂದು ಎರಡು ಹನಿ ಹೊರಟಿತ್ತು. ಆ ಕೋಣೆಯಲ್ಲಿ ನಿಂತು ಇದನ್ನು ಯೋಚಿಸಿದಾಗ ನನಗೆ ದೇವಸ್ಥಾನದ ಗರ್ಭಗುಡಿಯ ಮುಂದೆ ನಿಂತ ಹಾಗಾಯಿತು. ಜೊತೆಯವರು ಊಟಕ್ಕೆ ಕರೆಯುತ್ತಿದ್ದರು, ನನಗೆ ಕಾಲು ಕೀಳಲಾಗಲಿಲ್ಲ. ಆಮೇಲೂ ನಮ್ಮ ಸಾಮಾನು ಮಳೆಗಾಲದಲ್ಲಿ ತಡವಾಗಿಯೇ ಬಂತು, ಗೋದಾಮು ಸೋರುವುದು ನಿಲ್ಲಲಿಲ್ಲ. ಬೈದೂ ಇದ್ದೇನೆ. ಆದರೆ ಸರ್ಕಾರ ಎಲ್ಲೋ ದೂರದಲ್ಲಿದೆ ಎಂದು ಮತ್ತೆ ನನಗೆ ಅನಿಸಲಿಲ್ಲ. ಆ ನೀಲಿ ಡಬ್ಬಿಯ ಪಟ್ಟಿ ನನ್ನ ಹೆಗಲಿನಲ್ಲೇ ಇತ್ತಲ್ಲ.

ಬಾಣಂತನ ಮುಗಿಸಿ ತಾಯಿ ಮಗುವನ್ನು ಎತ್ತಿಕೊಂಡು ಅಂಗನವಾಡಿಗೆ ಬಂದಳು. ಮಗುವನ್ನು ತಕ್ಕಡಿಯ ಜೋಳಿಗೆಯಲ್ಲಿ ಹಾಕಿದಾಗ ಅದು ಕೈಕಾಲು ಬಡಿದು ಮುಳ್ಳು ನಿಲ್ಲಗೊಡಲಿಲ್ಲ. ನಾವಿಬ್ಬರೂ ನಗುತ್ತಿದ್ದಾಗ ಅವಳು ಇದ್ದಕ್ಕಿದ್ದಂತೆ ಹೇಳಿದಳು: "ಅವತ್ತು ನಾಯಿ ಬೊಗಳಿದ್ದು ಕೇಳ್ತು ಟೀಚರೇ. ಯಾರೋ ಬಂದ್ರು ಅಂದ್ಕೊಂಡೆ. ಆಮೇಲೆ ನಿಮ್ಮ ದನಿ. ನಾನು ಯಾರನ್ನೂ ಕರ್ದಿರ್ಲಿಲ್ಲ. ಕರ್ದಿದ್ರೂ ಯಾರಿಗೆ ಕೇಳ್ತಿತ್ತು? ಈಗ್ಲೂ ನೆನೆಸ್ಕೊಂಡ್ರೆ ನಂಗೆ ನಂಬಕ್ಕೇ ಆಗದಿಲ್ಲ."

ನನಗೂ ಆಗುತ್ತಿರಲಿಲ್ಲ. ಹಾಗೆಂದೇ ಅವಳಿಗೆ ಹೇಳಿದೆ.

ಆ ಮಗು ಮೂರು ತುಂಬಿದ ಮೇಲೆ ಅಪ್ಪನ ಹೆಗಲೇರಿ ಅಂಗನವಾಡಿಗೆ ಬರತೊಡಗಿತು. ಮಾತಿನ ಮಲ್ಲಿ. ಊಟಕ್ಕೆ ಕೂತರೆ ಪಕ್ಕದ ಮಗುವಿನ ತಟ್ಟೆ ಖಾಲಿಯಾಗುವ ತನಕ ತಾನು ಏಳುತ್ತಿರಲಿಲ್ಲ. ಸಿಸ್ಟರಿಗೆ ಕೊನೆಗೆ ಅವರ ಊರಿನ ಕಡೆ ವರ್ಗವಾಯಿತು. ಕಳಸದ ಬಸ್ ಸ್ಟ್ಯಾಂಡಿಗೆ ನಾವೆಲ್ಲ ಹೋಗಿದ್ದೆವು. ಬಸ್ಸಿನ ಕಿಟಕಿಯಿಂದ ಮೇಲೆ ನೋಡಿ, "ಇನ್ನ ಆಕಾಶ ನೋಡಿ ನೋಡಿ ಸಾಕಾಗ್ತೈತಿ ನೋಡ್ರಿ," ಎಂದು ಅತ್ತರು.

ಕೆಲವು ವರ್ಷಗಳ ಮೇಲೆ ಗುಡ್ಡಕ್ಕೆ ಜೀಪು ಹೋಗುವಷ್ಟು ದಾರಿ ಕಡಿದರು. ಒಂದು ಸಮೀಕ್ಷೆಗೆಂದು ನಾನು ಆ ಮನೆಗೆ ಹೋಗಿದ್ದೆ. ಅವತ್ತು ಹುಟ್ಟಿದ ಹುಡುಗಿ ಆಗ ಶಾಲೆಗೆ ಹೋಗುತ್ತಿದ್ದಳು; ಶಾಲೆಯ ಊಟ, ಅಲ್ಲಿಯ ಬಿಸಿ ಸಾರು, ಗೆಳತಿಯರ ಜಗಳ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಆಮೇಲೆ ನನ್ನ ಪಕ್ಕ ಜಗಲಿಯಲ್ಲಿ ಕೂತು, ದನಿ ತಗ್ಗಿಸಿ ಕೇಳಿದಳು:

"ಟೀಚರೇ, ನಾನು ಹುಟ್ಟುವಾಗ ನೀವು ಇಲ್ಲೇ ಇದ್ರಂತೆ ಹೌದಾ?"

"ಹೌದು. ಈ ಗೋಡೆಯ ಆ ಕಡೆ ಕೂತಿದ್ದೆ."

"ನಾನು ಹೆಂಗಿದ್ದೆ?"

 "ಕೆಂಪಗಿದ್ದೆ," ಎಂದೆ. "ತುಂಬ ಸಿಟ್ಟಿನಲ್ಲಿದ್ದೆ. ನಾವೆಲ್ಲ ನಿನ್ನೇ ನೋಡ್ತಾ ಇದ್ವಿ."

ಅವಳಿಗೆ ಅದು ಬಹಳ ಇಷ್ಟವಾಯಿತು. "ಇನ್ನೊಂದ್ಸಲ ಹೇಳಿ," ಎಂದಳು.